ಹಾಡು ಮುಗಿದರೆ ಮಗ್ಗುಲು ಬದಲು

ಭದ್ರಾವತಿಯ ಮೊದಲ ಬಸ್ಸಿಗೆ ಬಂದ ಚೌಡಪ್ಪ, ಶಿವಮೊಗ್ಗದ ಸಣ್ಣ ನರ್ಸಿಂಗ್ ಹೋಮೊಂದರ ಕೊನೆಯ ಕೋಣೆಯಲ್ಲಿ ಅಂಗಾತ ಮಲಗಿದ್ದಾರೆ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ನರ್ಸ್ ಸಣ್ಣ ನಳಿಕೆಯಿಂದ ಅವರ ಮೂತ್ರಚೀಲಕ್ಕೆ, ಅಲ್ಲಿನ ಕ್ಯಾನ್ಸರಿಗೆ ಕೊಡುವ ಬಿಸಿಜಿ ಔಷಧಿ ಬಿಟ್ಟು ಹೋಗಿದ್ದಾರೆ. ಎರಡು ಗಂಟೆ ಅದನ್ನು ಒಳಗೇ ಹಿಡಿದಿಡಬೇಕು. ಕಾಲು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಔಷಧಿ ಒಳಗೋಡೆಗೆಲ್ಲ ತಾಗುತ್ತದೆ. ಮಗ್ಗುಲು ಬದಲಿಸುವ ಕೆಲಸ ಆಯಾ ಕಲ್ಲಮ್ಮನವರದು.

ಕಲ್ಲಮ್ಮ ಗಡಿಯಾರ ನೋಡುವುದಿಲ್ಲ. ಕಿಟಕಿಯ ಮೇಲಿನ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಹಾಡುತ್ತಿರುತ್ತದೆ. ಚಿಂತನ ಮುಗಿದರೆ ಎಡಕ್ಕೆ, ವಾರ್ತೆ ಮುಗಿದರೆ ಬೋರಲು, ಚಿತ್ರಗೀತೆ ಮುಗಿದರೆ ಬಲಕ್ಕೆ.

“ಚೌಡಪ್ಪಣ್ಣ, ಈ ಕಡೆ ಬನ್ನಿ.”

“ಇನ್ನೊಂದು ಹಾಡು ಕೇಳೋಣ ತಡಿ ಮಾರಾಯ್ತಿ.”

“ಕೇಳೋಕೆ ಕಿವಿ ಇದಾವಲ್ಲ, ಸೊಂಟ ಯಾಕೆ ಬೇಕು? ತಿರುಗಿ.”

ರಾಗಿಗುಡ್ಡದ ಕಲ್ಲಮ್ಮ ಕಸ ಗುಡಿಸಲೆಂದು ಇಲ್ಲಿಗೆ ಸೇರಿದವರು. ಈಗ ರೋಗಿಯನ್ನು ಎತ್ತುವುದು, ಹೊರಳಿಸುವುದು, ಎರಡು ಗಂಟೆ ಕಳೆದ ಮೇಲೆ ಶೌಚಾಲಯಕ್ಕೆ ಬ್ಲೀಚಿಂಗ್ ನೀರು ಸುರಿಯುವುದು ಎಲ್ಲವೂ ಅವರ ಪಾಲಿಗೆ. ಮಂಡಿ ನೋವಿದೆ. “ಮನೇಲಿ ರೇಡಿಯೋ ಹಾಕಂಗಿಲ್ಲ. ಹಾಡು ಮುಗಿದ್ರೆ ನಮ್ಮನೆಯವ್ರು ಅವರಾಗೇ ಮಗ್ಗುಲು ತಿರುಗ್ತಾರೆ” ಎಂದು ನಗುತ್ತಾರೆ.

ಆ ನಗು ಶಿವಯೋಗಪ್ಪ ಮೇಷ್ಟ್ರ ಹೆಸರು ಬಂದರೆ ನಿಲ್ಲುತ್ತದೆ. ಮೂರು ವರ್ಷದ ಹಿಂದೆ ಮೇಷ್ಟ್ರೂ ಇದೇ ಮಂಚದ ಮೇಲೆ ಇದೇ ಔಷಧಿ ಪಡೆದರು. ಔಷಧಿ ಒಳಗೆ ನಿಲ್ಲಲೆಂದು ರಾತ್ರಿಯಿಂದ ನೀರು ಮುಟ್ಟುತ್ತಿರಲಿಲ್ಲ, ಹೇಳುವ ಮೊದಲೇ ಹೊರಳುತ್ತಿದ್ದರು. ಆದರೂ ಗಡ್ಡೆ ಮತ್ತೆ ಬಂತು. ಮೂತ್ರಚೀಲ ತೆಗೆದರು. ಈಗ ಹೊಟ್ಟೆಯ ಮೇಲೊಂದು ಪ್ಲಾಸ್ಟಿಕ್ ಚೀಲ.

“ನಾನೇ ಸರಿಯಾಗಿ ಹೊರಳಿಸ್ಲಿಲ್ವೇನೋ ಅಂತ ಊಟ ಸೇರ್ತಿರಲಿಲ್ಲ. ಕೊನೆಗೆ ಡಾಕ್ಟ್ರನ್ನೇ ಕೇಳ್ದೆ.”

ಡಾ. ರೇಣುಕಾಪ್ರಸಾದ್ ಆ ದಿನ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದ್ದನ್ನು ಕಲ್ಲಮ್ಮ ಇಂದಿಗೂ ಹೇಳುತ್ತಾರೆ: “ಈ ಔಷಧಿ ತಾನೇ ಗಡ್ಡೆ ಕೊಲ್ಲಲ್ಲ. ಇದು ಶಕ್ತಿ ತಗ್ಗಿಸಿದ ಕ್ರಿಮಿ. ಇದನ್ನ ನೋಡಿ ನಮ್ಮ ಮೈಯ ಕಾವಲಿನವರು ಎದ್ದು ಬರ್ಬೇಕು, ಬಂದವರು ಕ್ಯಾನ್ಸರನ್ನೂ ಹೊಡೀಬೇಕು. ಕೆಲವರ ಮೈ ಏಳುತ್ತೆ, ಕೆಲವರದು ಏಳಲ್ಲ. ವಯಸ್ಸು, ಗಡ್ಡೆಯ ಜಾತಿ, ಬೇರೆ ಔಷಧಿ, ಕಾರಣ ಹಲವು. ಎಷ್ಟೋ ಕಾರಣ ನಮಗೇ ಗೊತ್ತಿಲ್ಲ. ಮೇಷ್ಟ್ರದ್ದು ನಿಮ್ಮ ತಪ್ಪಲ್ಲ ಕಲ್ಲಮ್ಮ.”

ಕಾರ್ಖಾನೆಯಿಂದ ನಿವೃತ್ತರಾದ ಚೌಡಪ್ಪನವರ ಮುಂದೆಯೂ ಈಗ ಅದೇ ಪ್ರಶ್ನೆ: ಮೈ ಎದ್ದರೆ ಮೂತ್ರಚೀಲ ಉಳಿಯುತ್ತದೆ, ಇಲ್ಲದಿದ್ದರೆ ಮೇಷ್ಟ್ರ ದಾರಿ. ಹೋದ ವರ್ಷದ ಮೊದಲ ಸುತ್ತು ನಡುವಿನಲ್ಲೇ ನಿಂತುಹೋಗಿತ್ತು. ಅದಕ್ಕೆ ಕಾರಣ ಒಂದು ಕಾಗದದ ಪೊಟ್ಟಣ. ಎರಡನೇ ವಾರ ಕಲ್ಲಮ್ಮ ಹೊರಳಿಸುವಾಗ ಅದು ಅವರ ಲುಂಗಿಯ ಮಡಿಕೆಯಿಂದ ಕೆಳಗೆ ಬಿತ್ತು.

“ಇದೇನು ಚೌಡಪ್ಪಣ್ಣ, ನಶ್ಯನ?”

“ಉಬ್ಬಸದ ಪುಡಿ ಕಣಮ್ಮ. ಎರಡು ವರ್ಷದಿಂದ ಇದೇ ನನ್ನ ಉಸಿರು.”

“ಡಾಕ್ಟ್ರಿಗೆ ಹೇಳಿದ್ದೀರಾ?”

“ಅವರು ಯಾವ ಮಾತ್ರೆ ತಗೋತೀರಿ ಅಂತಷ್ಟೇ ಕೇಳಿದ್ರು. ಇದು ನಾಟಿ. ಹೇಳಿದ್ರೆ ಬೈತಾರೆ.”

“ಬೈಸ್ಕೊಳ್ಳಿ. ಬೈದಿದ್ದಕ್ಕೆ ಬಿಲ್ ಹಾಕಲ್ಲ.”

ಕಲ್ಲಮ್ಮ ಪೊಟ್ಟಣವನ್ನು ಡಾಕ್ಟರ ಮೇಜಿನ ಮೇಲಿಟ್ಟರು. ಪರೀಕ್ಷೆ ಮಾಡಿಸಿದರೆ, ಯಾರೋ ಆ ಪುಡಿಗೆ ಸ್ಟಿರಾಯ್ಡ್ ಮಾತ್ರೆ ಅರೆದು ಬೆರೆಸಿದ್ದರು. ಅದು ಉಬ್ಬಸ ತಗ್ಗಿಸುತ್ತಲೇ ಕಾವಲಿನವರನ್ನೂ ಮಲಗಿಸಿಬಿಡುತ್ತದೆ. ಅಂಥ ಮೈಯಲ್ಲಿ ಬಿಸಿಜಿಯ ಕ್ರಿಮಿಯೇ ಹರಡುವ ಅಪಾಯ. ಡಾಕ್ಟರು ಬಿಸಿಜಿ ನಿಲ್ಲಿಸಿದರು. ಪುಡಿಯನ್ನು ಒಮ್ಮೆಲೇ ಬಿಡಿಸಿದರೂ ಅಪಾಯ. ಹಾಗಾಗಿ ಸ್ಟಿರಾಯ್ಡನ್ನು ಲೆಕ್ಕದ ಮಾತ್ರೆಯಲ್ಲಿ ಕೊಟ್ಟು ನಿಧಾನವಾಗಿ ಇಳಿಸಿದರು. ಉಬ್ಬಸಕ್ಕೆ ಬಾಯಿಗಿಟ್ಟು ಉಸಿರೆಳೆಯುವ ಪಂಪು ಬಂತು. ತಿಂಗಳುಗಳು ಕಾದ ಮೇಲೆ ವಾರಕ್ಕೊಂದರಂತೆ ಆರು ವಾರದ ಸುತ್ತು ಹೊಸದಾಗಿ ಶುರುವಾಯಿತು. ಇಂದು ಆರನೆಯದು.

ಚಿತ್ರಗೀತೆ ಮುಗಿಯುತ್ತದೆ. ಕಲ್ಲಮ್ಮ ಬೆನ್ನಿಗೆ ಕೈ ಕೊಡುತ್ತಾರೆ. ಚೌಡಪ್ಪ ಗೋಡೆ ನೋಡುತ್ತಾ ಕೇಳುತ್ತಾರೆ: “ಈ ಸಲ ಕಾವಲಿನವರು ಎದ್ದಿರ್ತಾರ?”

“ಏಳ್ದೆ ಏನು ಮಾಡ್ತಾರೆ? ವಾರ ವಾರಾ ಇಷ್ಟು ಗಲಾಟೆ ಮಾಡ್ತೀರಿ.”

ಮತ್ತೆ ಆರು ವಾರ ಕಳೆದು, ಮೂತ್ರಚೀಲದೊಳಗೆ ಕ್ಯಾಮೆರಾ ಬಿಟ್ಟು ನೋಡುವ ದಿನ. ಕಲ್ಲಮ್ಮ ಒರೆಸಿದ ಕಾರಿಡಾರನ್ನೇ ಮತ್ತೆ ಒರೆಸುತ್ತಿದ್ದಾರೆ. ಬಾಗಿಲು ತೆರೆಯುತ್ತದೆ. ಚೌಡಪ್ಪ ಗೋಡೆ ಹಿಡಿದು ಹೊರಗೆ ಬರುತ್ತಾರೆ.

“ಸಾಫ್ ಅಂತೆ ಕಣಮ್ಮ. ಮೂರು ತಿಂಗಳಿಗೆ ಮತ್ತೆ ನೋಡ್ತಾರಂತೆ.”

“ಹೂಂ. ಮೊದಲು ಟೀ ಕುಡೀರಿ” ಎನ್ನುತ್ತಾರೆ ಕಲ್ಲಮ್ಮ. ಸೆರಗು ಕಣ್ಣಿಗೆ ಹೋಗುತ್ತದೆ.

ಆಮೇಲೆ ಖಾಲಿ ಕೋಣೆಗೆ ಬಂದು ಹಾಸಿಗೆ ಬದಲಿಸುತ್ತಾರೆ. ರೇಡಿಯೋದ ಬೆನ್ನು ಬಿಚ್ಚಿ ಹಳೇ ಸೆಲ್ಲು ತೆಗೆಯುತ್ತಾರೆ. ಹೊಸ ಸೆಲ್ಲು ಶಿವಯೋಗಪ್ಪ ಮೇಷ್ಟ್ರು ಕಳಿಸಿದ್ದು. ತಮ್ಮ ಮೂತ್ರಚೀಲ ಹೋದ ಮೇಲೂ ಅವರು ಕಳಿಸುವುದನ್ನು ತಪ್ಪಿಸಿಲ್ಲ.

“ಇವರ ಮೈ ಮಾತು ಕೇಳ್ತು, ಸಂತೋಷ. ಮೇಷ್ಟ್ರ ಮೈ ಯಾಕೆ ಕೇಳ್ಲಿಲ್ಲ ಅಂತ ಡಾಕ್ಟ್ರಿಗೆ ಒಂದಿನ ಗೊತ್ತಾಗ್ಬೇಕು. ಅಲ್ಲಿವರೆಗೂ ನಾನು ಹೊರಳಿಸ್ತಿರ್ತೀನಿ” ಎನ್ನುತ್ತಾ ಅವರು ರೇಡಿಯೋ ಹಚ್ಚುತ್ತಾರೆ.