ಟೆಂಪ್ ಫೋಲ್ಡರಿನಲ್ಲಿ ಹಮೀದರ ಕಾಗದಗಳು

ಒಂದೇ ಒಂದು ಎಂಟರ್ ಕೀ. ಅದನ್ನು ಒತ್ತಿದ್ದರೆ ಒಬ್ಬರ ಕೆಲಸಕ್ಕೇ ಕುತ್ತು ಬರುತ್ತಿತ್ತು.

ಕಳೆದ ಶುಕ್ರವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದು (ಮಸ್ಕತ್‌ನಲ್ಲಿ ನಮ್ಮ ರಜೆಯ ದಿನ, ಇಗರ್ಜಿ ತುಂಬುವ ದಿನ ಶುಕ್ರವಾರವೇ) ಚಹಾಕ್ಕೆ ಕುಳಿತಿದ್ದೆವು. ಮಗಳು ಲವೀನಾಳ ಫೋನ್ ಬಡಿದುಕೊಂಡಿತು. ಘಾಲಾದಲ್ಲಿರುವ ಅವಳ ಕಂಪನಿಯ ಸರ್ವರ್ ಭರ್ತಿ. ಯಾರಿಗೂ ಏನೂ ಸೇವ್ ಆಗುತ್ತಿಲ್ಲ. ಸರ್ವರ್ ನೋಡಿಕೊಳ್ಳುವವಳು ಅವಳೇ. ಲ್ಯಾಪ್‌ಟಾಪ್ ಡೈನಿಂಗ್ ಟೇಬಲ್ಲಿಗೇ ಬಂತು.

ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರ ಇಲ್ಲ, ಮೌಸ್ ಬೇಡ. ನನಗೋ ನನ್ನ ಹಳೆಯ ಟೈಪ್‌ರೈಟರ್ ನೆನಪಾಯಿತು. ಇಲ್ಲಿಯ ವಾದಿ ಅದಾಯ್ ಬಡಾವಣೆಯ ಆಫೀಸೊಂದರಲ್ಲಿ ಇಪ್ಪತ್ತೆರಡು ವರ್ಷ ಸೆಕ್ರೆಟರಿ ಆಗಿದ್ದವಳು ನಾನು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ, ಜೋರಾಗಿ ಓದದೆ ಒಂದು ಕಾಗದವನ್ನೂ ಬಾಸ್‌ನ ಸಹಿಗೆ ಇಟ್ಟವಳಲ್ಲ. ಆ ಚಾಳಿ ಇನ್ನೂ ಹೋಗಿಲ್ಲ.

"ಎಂಥ ಮಾಡ್ತೀ ಬಾಯೆ?"

"ಟೆಂಪ್ ಕ್ಲೀನಿಂಗ್ ಮಮ್ಮಿ. ಟೆಂಪ್ ಅಂದ್ರೆ ತಾತ್ಕಾಲಿಕ ಫೈಲುಗಳ ಫೋಲ್ಡರ್. ಏಳು ದಿನಕ್ಕಿಂತ ಹಳೇದೆಲ್ಲ ಡಿಲೀಟ್. ಮೊದಲು ಲಿಸ್ಟ್ ನೋಡುವುದು, ಮತ್ತೆ ಅದೇ ಕಮಾಂಡಿಗೆ ಡಿಲೀಟ್ ಅಂತ ಸೇರಿಸುವುದು. ಇಲ್ಲಿ ರಿಸೈಕಲ್ ಬಿನ್ ಇಲ್ಲ. ಹೋದದ್ದು ಹೋಯಿತು."

ಲಿಸ್ಟ್ ಸರಸರ ಓಡಿತು. ನಾನು ಕನ್ನಡಕ ಏರಿಸಿ ಓದತೊಡಗಿದೆ. ಬರೀ ನಂಬರು. ನಡುವೆ ಒಂದಷ್ಟು ಹೆಸರು: ಹಮೀದ್ ಗೇಟ್‌ಪಾಸ್ ಸಂಡೇ. ಹಮೀದ್ ಡ್ರೈವರ್ ಕಾರ್ಡ್. ಹಮೀದ್ ಪ್ಲೀಸ್ ಡೋಂಟ್ ಡಿಲೀಟ್.

"ಇದು ಯಾರು, ಪ್ಲೀಸ್ ಅನ್ನುವವರು?"

"ನಮ್ಮ ರುಸೈಲ್ ಗೋಡೌನಿನ ಸ್ಟೋರ್‌ಕೀಪರ್. ಟೆಂಪಿನಲ್ಲಿ ಇಟ್ಟರೆ ಹೋಗ್ತದೆ ಅಂತ ಎಲ್ಲರಿಗೂ ಮೇಲ್ ಹಾಕಿದ್ದೇನೆ. ರೂಲ್ ಈಸ್ ರೂಲ್."

"ಒಂದು ಫೋನ್ ಮಾಡಿದರೆ ನಿನ್ನ ರೂಲಿಗೆ ಜ್ವರ ಬರ್ತದಾ?"

ಮುಖ ಗಂಟಿಕ್ಕಿಯೇ ಫೋನ್ ಮಾಡಿದಳು. ಸ್ಪೀಕರಿನಲ್ಲಿ ನಮ್ಮೂರ ಕಡೆಯ ಕನ್ನಡ.

"ಅದು ತೆಗೀಬೇಡಿ ಮಾರಾಯ್ರೆ. ಹತ್ತು ದಿನ ಮೊದಲೇ ಮಾಡಿಸಿಟ್ಟ ಪಾಸ್. ಭಾನುವಾರ ಬೆಳಿಗ್ಗೆ ಆರು ಲಾರಿ ಹೊರಡ್ಲಿಕ್ಕುಂಟು. ಪಾಸ್ ಇಲ್ಲದಿದ್ರೆ ಲಾರಿ ಗೇಟಲ್ಲಿ, ನಾನು ಊರಲ್ಲಿ. ಖಲಾಸ್."

"ಟೆಂಪಿನಲ್ಲಿ ಯಾಕೆ ಇಟ್ಟದ್ದು ಹಮೀದ್ ಭಾಯ್?"

"ಮತ್ತೆ ಎಲ್ಲಿ ಇಡುವುದು ಮೇಡಂ? ಎಲ್ಲಿ ಹಾಕಿದ್ರೂ ಪರ್ಮಿಷನ್ ಇಲ್ಲ ಅಂತದೆ. ಟೆಂಪ್ ಒಂದೇ ನನ್ನನ್ನು ಒಳಗೆ ಬಿಡುವುದು. ಫೋಲ್ಡರ್ ಕೊಡಿ ಅಂತ ಮೂರು ತಿಂಗಳಲ್ಲಿ ನಿಮಗೆ ಮೂರು ಮೇಲ್ ಹಾಕಿದೆ. ನೀವು ಬಿಝಿ ಜನ."

ಲವೀನಾಳ ಕಿವಿ ಕೆಂಪಾಯಿತು. ಟಕಟಕ ಕುಟ್ಟಿದಳು. ಹಮೀದರ ಹೆಸರಿನಲ್ಲಿ ಫೋಲ್ಡರ್ ಎದ್ದಿತು, ಅವರ ಕಾಗದಗಳೆಲ್ಲ ಅಲ್ಲಿಗೆ ಹೋದವು. "ಸಾರಿ ಹಮೀದ್ ಭಾಯ್" ಎಂದಳು. ಮತ್ತೆ ಲಿಸ್ಟ್. ನಾನು ಮತ್ತೆ ಓದಿದೆ. ಈಗ ಬರೀ ನಂಬರು.

"ಯಲ್ಲಾ, ಇನ್ನು ಒತ್ತು" ಎಂದೆ. ಎಂಟರ್ ಒತ್ತಿದಳು. ಸರ್ವರ್‌ನಲ್ಲಿ ಜಾಗವೋ ಜಾಗ. ಆರಿದ ಚಹಾವನ್ನು ಬಿಸಿ ಮಾಡಿ ಇಬ್ಬರೂ ನೆಮ್ಮದಿಯಿಂದ ಕುಡಿದೆವು.

ಮಗಳನ್ನು ದೂರಿ ನಾನು ಸಂತಳಾಗುವುದಿಲ್ಲ ಬಿಡಿ. ನನ್ನ ಪೆಂಡಿಂಗ್ ಟ್ರೇಯಲ್ಲೂ ಡ್ರೈವರುಗಳ ರಜೆ ಅರ್ಜಿಗಳು ವಾರಗಟ್ಟಲೆ ಅಡಿಯಲ್ಲಿ ಮಲಗಿದ್ದವು. ಕೆಲವರ ಮುಖ ಈಗಲೂ ನೆನಪಾಗುತ್ತದೆ, ಹೆಸರು ಬರುವುದಿಲ್ಲ.

ಆ ಫೋಲ್ಡರಿಗೆ ಹಿಡಿದದ್ದು ಎರಡು ನಿಮಿಷ. ಉಳಿದ ಮೂರು ತಿಂಗಳು ನಮ್ಮಂಥವರು ಏನು ಮಾಡುತ್ತಿರುತ್ತೇವೆ?