ಹುಚ್ಚಪ್ಪನ ಹೊಟ್ಟೆಕಿಚ್ಚು

ಇಳಕಲ್ಲಿನ ನೇಕಾರ ಹುಚ್ಚಪ್ಪನ ಒಬ್ಬಳೇ ಮಗಳು ಸುಮಾ ೧೯೯೬ರಲ್ಲಿ ಜ್ವರ ಬಂದು ತೀರಿಕೊಂಡಳು. ಅಂದಿನಿಂದ ಹೆಂಡತಿ ಅಂಬವ್ವ ಮಾತು ಬಿಟ್ಟಳು. ಹುಚ್ಚಪ್ಪ ಸಿಡುಕು ಮನುಷ್ಯ. ಆದರೂ ತನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದ. ಬನಶಂಕರಿಯ ಗುಡಿಗೆ ಕರೆದೊಯ್ದ, ಬಾಗಲಕೋಟೆಯ ಡಾಕ್ಟರಿಗೆ ತೋರಿಸಿದ, ಗದರಿದ, ಕೊನೆಗೆ ಪಕ್ಕದಲ್ಲಿ ಕೂತು ತಾನೇ ಅತ್ತ. ಅಂಬವ್ವನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ.

ಎರಡು ವರ್ಷದ ಮೇಲೆ ನೆರೆಮನೆಯ ರಾಮವ್ವ ಅವಳನ್ನು ಹುನಗುಂದದ ಪ್ರಾರ್ಥನೆಯ ಮನೆಯೊಂದಕ್ಕೆ ಕರೆದುಕೊಂಡು ಹೋದಳು. ಕೆಲವು ಭಾನುವಾರ ಕಳೆದವೋ ಇಲ್ಲವೋ, ಅಂಬವ್ವ ನೇಯ್ಗೆಗೆ ನೂಲಿನ ಕಂಡಿಕೆ ಸುತ್ತುತ್ತ ಗುನುಗತೊಡಗಿದಳು. ಒಬ್ಬಳೇ ಇದ್ದಾಗ ಮೆಲ್ಲಗೆ ಮಾತಾಡುವಳು, ನಗುವಳು. ಆ ನಗುವನ್ನು ಕಂಡು ಹುಚ್ಚಪ್ಪ ಹಿಗ್ಗಬೇಕಿತ್ತು. ಬದಲಿಗೆ ಉರಿದುಬಿದ್ದ.

"ಯಾರ ಕೂಡ ಮಾತಾಡಾಕತ್ತೀ?"

"ಯೇಸಪ್ಪನ ಕೂಡರಿ."

"ಅಂವಗ ಏನ ಹೇಳ್ತೀ?"

"ಎಲ್ಲಾ ಹೇಳ್ತೇನ್ರಿ. ಸುಮಾನ ಸುದ್ದಿನೂ."

ಗಂಡನೆದುರು ಅವಳು ಮಗಳ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ.

ದೇವರ ಹೆಸರಲ್ಲಿ ಬೇರೆ ಯಾವನೋ ಇದ್ದಾನೆ ಎಂಬ ಗುಮಾನಿ ಅವನಿಗೆ. ಮುಂದಿನ ಭಾನುವಾರ ಅವಳ ಬೆನ್ನಿಗೇ ಇನ್ನೊಂದು ಬಸ್ಸು ಹಿಡಿದು ಹೋಗಿ ಕಿಟಕಿಯಲ್ಲಿ ಇಣುಕಿದ. ಒಳಗೆ ಇದ್ದದ್ದು ಪ್ರಾರ್ಥನೆ ನಡೆಸುವ ದೇವಪುತ್ರ ಮಾಸ್ತರ ಎಂಬ ದಪ್ಪ ಕನ್ನಡಕದ ಮುದುಕ, ಒಂದಷ್ಟು ಹೆಂಗಸರು. ನಡುವೆ ಅಂಬವ್ವ ಮೊಣಕಾಲೂರಿ ಮಗಳ ಕೊನೆಯ ದಿನವನ್ನು ಹೇಳಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅತ್ತು ಮುಗಿಸಿ ಮುಖ ಒರೆಸಿಕೊಂಡಾಗ ಅದು ಮೊದಲಿನ ಅಂಬವ್ವನ ಮುಖವೇ ಆಗಿತ್ತು. ಮನುಷ್ಯನಾಗಿದ್ದರೆ ಅಂಗಿ ಹಿಡಿದು ಎಳೆದು ತರಬಹುದಿತ್ತು. ಈ ಯೇಸಪ್ಪನನ್ನು ಎಲ್ಲಿಂದ ಎಳೆಯುವುದು?

ಅಂದಿನಿಂದ ಮನೆಯಲ್ಲಿ ದಿನಾ ಅವನ ಕಿರಿಕಿರಿ. ರೊಟ್ಟಿ ಸೀದಿದೆ, ಪಲ್ಯ ಸಪ್ಪೆ. ಮಗಳಿದ್ದ ಕಾಲದಲ್ಲಿ ಒಂದಕ್ಕೆ ಎರಡು ಮಾತು ಆಡುತ್ತಿದ್ದವಳು ಈಗ ತುಟಿ ಕಚ್ಚಿ ಸುಮ್ಮನಿರುವಳು. ಅದು ಅವನನ್ನು ಇನ್ನಷ್ಟು ಕೆರಳಿಸಿತು. ಒಂದು ಭಾನುವಾರ ಅವಳು ಹೊರಟು ಹೋದ ಮೇಲೆ ಕತ್ತರಿ ತಂದು, ಮಗ್ಗದ ಮೇಲಿದ್ದ ಅವಳ ಅರ್ಧ ನೇಯ್ದ ಸೀರೆಯ ಎಳೆಗಳನ್ನು ಕತ್ತರಿಸಿಬಿಟ್ಟ.

ಸಂಜೆ ಅಂಬವ್ವ ಬಂದು ಮಗ್ಗದೆದುರು ನಿಂತಳು. ಬೈಗುಳ ಬರಲಿ ಎಂದು ಅವನು ಕಾದ. ಅವಳು ಹಿತ್ತಲಿಗೆ ಹೋದಳು. ಬಹಳ ಹೊತ್ತಾದ ಮೇಲೆ ಕೆಂಪು ಕಣ್ಣಿನಲ್ಲಿ ಬಂದು ಹೇಳಿದಳು: "ನಿಮ್ಮನ್ನ ಮಗ್ಗದ ಲಾಳಿ ತಗೊಂಡು ಬಡೀಬೇಕು ಅನಸ್ತು, ಖರೆ ಹೇಳ್ತೇನಿ. ಯೇಸಪ್ಪಗೂ ಹಂಗ ಹೇಳಿ ಬಂದೇನಿ. ಈಗ ಕುಂದರ್ರಿ, ಆ ಕಡೆ ಎಳಿ ಹಿಡೀರಿ."

ಹುಚ್ಚಪ್ಪ ಕೂತ. ಅವಳು ಒಂದೊಂದೇ ಎಳೆ ಬೆಸೆಯುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ.

"ಸುಮಾನ ಸಲುವಾಗಿ ನನ್ನ ಮುಂದ ಯಾಕ ಅಳಲಿಲ್ಲ?"

ಅಂಬವ್ವನ ಕೈ ನಿಂತಿತು. "ನೀವು ಅಳೋದು ನೋಡಿದ್ನಲ್ರಿ. ನಾನೂ ಅತ್ತರ ನೀವು ಉಳಿಯೂದಿಲ್ಲ ಅಂತ ಅಂಜಿಕಿ ಬಂತು."

ಅಂದು ಗಂಡಹೆಂಡಿರು ಮೊದಲ ಸಲ ಮಗಳ ಮಾತಾಡಿದರು.

ಆಮೇಲೆ ಹುಚ್ಚಪ್ಪನೂ ಹುನಗುಂದಕ್ಕೆ ಹೋಗತೊಡಗಿದ. ಆದರೆ ಒಳಗೆ ಕಾಲಿಡಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂರುವನು. ಹೀಗೇ ವರ್ಷಗಳು ಕಳೆದವು. ಅಷ್ಟರಲ್ಲಿ ದುಃಖ ಹೇಳಿಕೊಳ್ಳುವವರೆಲ್ಲ ಅಂಬವ್ವನನ್ನೇ ಹುಡುಕಿಕೊಂಡು ಬರುವಂತಾಗಿತ್ತು. ೨೦೦೪ರ ಒಂದು ಭಾನುವಾರ, ಹೆಂಗಸರು ಅವಳನ್ನು ಮುತ್ತಿಕೊಂಡದ್ದು ಕಿಟಕಿಯಿಂದ ಕಂಡಿತು. ಇವರಿಗೂ ಹಂಚಿದರೆ ತನ್ನ ಪಾಲಿಗೆ ಅವಳು ಉಳಿಯುವುದಿಲ್ಲ ಎನಿಸಿ ಹುಚ್ಚಪ್ಪ ಎದ್ದು ದಡದಡ ಒಳನುಗ್ಗಿ ಹೆಂಡತಿಯ ಪಕ್ಕದಲ್ಲಿ ಕೂತುಬಿಟ್ಟ.

ದೇವಪುತ್ರ ಮಾಸ್ತರ ಅಚ್ಚರಿ ತೋರಿಸಲಿಲ್ಲ. "ಹುಚ್ಚಪ್ಪನವರ, ಇವತ್ತ ನೀವ ಪ್ರಾರ್ಥನಿ ಮಾಡ್ರಿ" ಎಂದರು.

ಹುಚ್ಚಪ್ಪ ಬೆವತ. ಕಣ್ಣು ಮುಚ್ಚಿಕೊಂಡು ಬಾಯಿಗೆ ಬಂದದ್ದನ್ನು ಹೇಳಿದ: "ಯೇಸಪ್ಪಾ, ನಿನ್ನ ಮ್ಯಾಲೆ ನನಗ ಭಾಳ ಸಿಟ್ಟಿತ್ತು. ನಾ ಎಷ್ಟ ಬಡಕೊಂಡ್ರೂ ಆಕಿ ನಗಲಿಲ್ಲ, ನೀ ನಗಿಸಿದಿ. ಇನ್ನೂ ಉರೀತೈತಿ. ನನ್ನ ಕೈಲೆ ಅದು ಹೋಗವಲ್ದು, ನೀನ ತಗಿ."

ಮೊದಲು ನಕ್ಕವಳು ಅಂಬವ್ವ, ಅಳುತ್ತಲೇ ನಕ್ಕಳು.

ಮರುವರ್ಷ ಹುಚ್ಚಪ್ಪ ಮಲಪ್ರಭೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ. ಸಿಡುಕು ಕಡಿಮೆಯಾಯಿತು, ಕತ್ತರಿ ಕಂಡರೆ ನಾಚುವನು. ಹೊಟ್ಟೆಕಿಚ್ಚು ಮಾತ್ರ ನಿಧಾನಕ್ಕೆ ಬಿಡುತ್ತಿತ್ತು. ಮುಂಜಾನೆ ಇಬ್ಬರೂ ಪ್ರಾರ್ಥನೆಗೆ ಕೂತಾಗ ಅಂಬವ್ವ ಬಹಳ ಹೊತ್ತು ಕಣ್ಣು ತೆರೆಯದಿದ್ದರೆ, ಪಕ್ಕದಲ್ಲಿ ಕೂತ ಹುಚ್ಚಪ್ಪ ಮೆಲ್ಲಗೆ ಕೆಮ್ಮುತ್ತಿದ್ದ.