ರಜೆ ಹಾಕಿ ಹೋಗುತ್ತಿದ್ದ ದೊಡ್ಡಮ್ಮ

ಸುವಾರ್ತೆಯ ಸೇವೆಗೆಂದು ಸಮುದ್ರ ದಾಟಿ ಹೋದವರ ಕುರಿತು ನಮ್ಮ ಕ್ರೈಸ್ತ ಸಭೆ ಪುಸ್ತಕಗಳನ್ನು ಹೊರತಂದಿದೆ. ದೇವಾಲಯದ ಗೋಡೆಯ ಕಲ್ಲಿನಲ್ಲಿ ಅವರ ಹೆಸರುಗಳನ್ನು ಕೆತ್ತಿಸಿದೆ. ಆದರೆ ಹಾಗೆ ಹೋದವರು ಇಲ್ಲಿ ಬಿಟ್ಟುಹೋದ ಮಕ್ಕಳನ್ನು ಸಾಕಿದವರ ಬಗ್ಗೆ ಇದುವರೆಗೆ ಯಾರೂ ಒಂದು ಪುಟ ಬರೆದದ್ದಿಲ್ಲ. ಮಿಷನರಿಗಳ ಮಕ್ಕಳ ಹಾಸ್ಟೆಲನ್ನು ಮೂವತ್ತೆಂಟು ವರ್ಷ ನಡೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ವಾರ್ಡನ್ ಅವರಿಗೆ, ಮುನ್ನೂರಕ್ಕೂ ಮಿಕ್ಕಿದ ಮಕ್ಕಳು ದೊಡ್ಡಮ್ಮ ಎಂದು ಕರೆದ ಆ ಹಿರಿಯರಿಗೆ, ಈ ಅಭಿನಂದನ ಗ್ರಂಥ ಸಲ್ಲುತ್ತಿರುವುದು ತಡವಾಗಿಯಾದರೂ ನ್ಯಾಯವೇ.

ಅವರು ಬಂದದ್ದು ಮಕ್ಕಳ ಸಮವಸ್ತ್ರ ಹೊಲಿಯಲು. ಆಗಿನ ವಾರ್ಡನ್ ಕಾಯಿಲೆ ಬಿದ್ದಾಗ ಹದಿನೈದು ದಿನದ ಮಟ್ಟಿಗೆಂದು ಬೀಗದ ಕೈ ಹಿಡಿದವರು ಮತ್ತೆ ಕೆಳಗಿಡಲಿಲ್ಲ. ಜ್ವರ, ದಂಗೆ, ಶಾಲೆಯಿಲ್ಲದ ಊರು, ಇಂಥಲ್ಲಿಗೆ ಹೋಗುವ ದಂಪತಿಗಳು ಆರು ತುಂಬಿದ ಮಕ್ಕಳನ್ನು ಇಲ್ಲಿ ಬಿಡಬೇಕೆಂಬುದು ಸಭೆಯ ನಿಯಮವಾಗಿತ್ತು. ನಾಲ್ಕು ವರ್ಷಕ್ಕೊಮ್ಮೆ ಅವರಿಗೆ ಊರಿನ ರಜೆ. ಆರು ವರ್ಷದ ಕೂಸು ಹತ್ತಾಗುವವರೆಗೆ ತಾಯಿಯ ಮುಖ ನೆನಪಿಟ್ಟುಕೊಳ್ಳಬೇಕು. ಅಬ್ಬಾ, ಎಂಥ ನಿಯಮ! ಬರೆದವರು ಯಾರೋ, ಅನುಭವಿಸಿದವರು ಯಾರೋ.

ದೊಡ್ಡಮ್ಮನವರು ಆ ನಿಯಮದೊಡನೆ ಜಗಳವಾಡಲಿಲ್ಲ. ತಮ್ಮದೇ ರೀತಿಯಲ್ಲಿ ಅದರೊಡನೆ ಸೆಣಸಿದರು. ಪ್ರತಿ ಮಂಚದ ಪಕ್ಕದ ಗೋಡೆಗೆ, ದಿಂಬಿನ ಎತ್ತರಕ್ಕೆ ಸರಿಯಾಗಿ, ಅಪ್ಪ ಅಮ್ಮನ ಫೋಟೊ ಅಂಟಿಸಿದರು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಪ್ರತಿ ಮಗುವೂ ಅದರ ಮುಂದೆ ಕುಳಿತು ಅಂದಿನದೊಂದು ಸಂಗತಿ ಹೇಳಬೇಕಿತ್ತು. ಮಾರ್ಕ್ಸು ಕಡಿಮೆ ಬಂದದ್ದೂ ನಡೆಯುತ್ತಿತ್ತು, ಬೈಗುಳವೂ ನಡೆಯುತ್ತಿತ್ತು. ಹೊರದೇಶದ ಅಂಚೆಯನ್ನು ಮಕ್ಕಳ ಕೈಗೆ ಅಂಟು ಬಿಚ್ಚದೆ ಕೊಡಬೇಕು, ತಮ್ಮ ಹೆಸರಿಗೆ ಬಂದದ್ದನ್ನು ತಾವಲ್ಲದೆ ಯಾರೂ ಒಡೆಯಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು. ಬಾಯಿತಪ್ಪಿ ಯಾವುದಾದರೂ ಮಗು ತಮ್ಮನ್ನು 'ಅಮ್ಮಾ' ಎಂದರೆ, ಎಷ್ಟೇ ಕೆಲಸವಿದ್ದರೂ ನಿಂತು ತಿದ್ದುತ್ತಿದ್ದರು: "ಅಮ್ಮ ಅಲ್ಲ ಕಂದಾ, ದೊಡ್ಡಮ್ಮ. ಅಮ್ಮ ಗೋಡೆ ಮೇಲಿದಾಳೆ ನೋಡು."

ಅವರ ಪದ್ಧತಿಗಳಲ್ಲೆಲ್ಲ ವಿಚಿತ್ರವಾದದ್ದು ರಜೆಯದು. ಸೇವೆಯ ಮೊದಲ ವರ್ಷದಲ್ಲಿ ಒಬ್ಬ ತಾಯಿ ಕೈ ಚಾಚಿ ಬಂದಾಗ ಮಗು ಹೆದರಿ ದೊಡ್ಡಮ್ಮನ ಬೆನ್ನ ಹಿಂದೆ ಅಡಗಿತಂತೆ. ಹೆತ್ತವಳ ಮುಖ ಆಗ ಬಿಳಿಚಿಕೊಂಡದ್ದನ್ನು ಅವರು ಎಂದೂ ಮರೆಯಲಿಲ್ಲ. ಅಂದಿನಿಂದ ಯಾರ ತಂದೆತಾಯಿ ಬರುವುದಿದ್ದರೂ ಹಿಂದಿನ ದಿನವೇ ರಜೆ ಹಾಕಿ, ಫೋನಿಲ್ಲದ ತಮ್ಮ ಅಣ್ಣನ ಮನೆಗೆ ಮೂರು ದಿನ ಹೋಗಿಬಿಡುತ್ತಿದ್ದರು. "ನಾನಿದ್ರೆ ನನ್ನ ಹತ್ರ ಓಡಿ ಬರ್ತವೆ. ಇಲ್ಲದಿದ್ರೆ ಅಮ್ಮನ ಹತ್ರಾನೇ ಹೋಗ್ಬೇಕಲ್ಲ!" ಎಂದು ನಗುತ್ತಿದ್ದರು. ಸಾಕಿ ಸಲಹಿದ ಕೈಯೇ ಅಡ್ಡ ಬರಬಾರದೆಂದು ತಾನಾಗಿ ಸರಿದು ನಿಲ್ಲುವ ಇಂಥ ದೊಡ್ಡತನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ನಾನು ಇಲ್ಲಿನ ಶಾಲೆಗೆ ಗಣಿತದ ಅಧ್ಯಾಪಕಿಯಾಗಿ ಸೇರಿದಾಗ ಹಾಸ್ಟೆಲಿನಲ್ಲಿ ಹತ್ತು ವರ್ಷದ ಒಬ್ಬ ಹುಡುಗಿಯಿದ್ದಳು. ಬಂದ ಹೊಸದರಲ್ಲಿ ಎಳೆದೆಳೆದು ಅಳುತ್ತಿದ್ದುದರಿಂದ ಅಡುಗೆಯವರು ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದರು. ಅವಳ ತಾಯಿ ಹೊರದೇಶದ ಮಿಷನ್ ಆಸ್ಪತ್ರೆಯೊಂದರಲ್ಲಿ ದಾದಿ, ತಂದೆ ಅಲ್ಲಿಯೇ ಪಂಪು ಜನರೇಟರು ನೋಡಿಕೊಳ್ಳುವ ಮೆಕ್ಯಾನಿಕ್. ಅಪ್ಪನೆಂದರೆ ಪಿಟೀಲಿಗೆ ಪ್ರಾಣ. ಅವರಿಬ್ಬರೂ ಬರುವ ದಿನ ಗೊತ್ತಾಯಿತು. ಪದ್ಧತಿಯಂತೆ ದೊಡ್ಡಮ್ಮನವರು ತಮ್ಮ ಕೋಣೆಯ ಬೀಗದ ಕೈ ನನಗೆ ಕೊಟ್ಟು ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಬಸ್ಸು ಹೋಗಿ ಅರ್ಧ ಗಂಟೆಗೆ ಅವರ ಹೆಸರಿಗೆ ಒಂದು ತಂತಿ ಬಂತು. ಸಹಿ ಹಾಕಿ ತೆಗೆದುಕೊಂಡವಳು ನಾನು. ಬರುವವರ ತಂತಿಯಲ್ಲಿ ಬರುವ ಹೊತ್ತಲ್ಲದೆ ಮತ್ತೇನಿರುತ್ತದೆ ಎಂದುಕೊಂಡೆ. ಒಡೆಯಬಾರದೆಂಬ ಅಪ್ಪಣೆಯೂ ಇತ್ತಲ್ಲ. ಅವರ ಮೇಜಿನ ಮೇಲೆ ಶಾಯಿ ಕುಡಿಕೆಯ ಕೆಳಗಿಟ್ಟು ಕೋಣೆಗೆ ಬೀಗ ಹಾಕಿದೆ. ಅಪ್ಪಣೆಯ ನೆಪ ಹೇಳಿ ತಪ್ಪಿಸಿಕೊಳ್ಳಲು ಇಂದು ನನಗೆ ಮನಸ್ಸಿಲ್ಲ. ಅಪ್ಪಣೆ ಅವರದಿರಬಹುದು, ತಲೆ ನನ್ನದಿತ್ತು.

ಮರುದಿನ ಬೆಳಿಗ್ಗೆ ಎರಡು ಜಡೆ ಬಿಗಿದುಕೊಂಡು ಪಿಟೀಲು ಗೇಟಿನಲ್ಲಿ ನಿಂತಳು. ಕಾರು ಬಂತು. ತಾಯಿ ಒಬ್ಬಳೇ ಇಳಿದಳು. ಮಗು ಅವಳನ್ನು ದಾಟಿ ಓಡಿ ಕಾರಿನೊಳಗೆ ಇಣುಕಿ, ಹಿಂದಿನ ಸೀಟಿನ ಕೆಳಗೆ ಬಗ್ಗಿ ನೋಡಿ, "ಅಪ್ಪ ಅಡಗಿಕೊಂಡಿದಾರಾ?" ಎಂದು ನಗುತ್ತ ಕೇಳಿತು. ತಾಯಿ ಮಣ್ಣಿನಲ್ಲೇ ಕುಸಿದಳು. "ಇವಳಿಗೆ ಯಾರೂ ಹೇಳ್ಲಿಲ್ವಾ?" ಎಂದು ನಮ್ಮೆಲ್ಲರ ಮುಖ ನೋಡಿದಳು. ದಾರಿಯ ಬಂದರೂರಿನಲ್ಲಿ ಜ್ವರ ಬಂದು ಪಿಟೀಲಿನ ಅಪ್ಪ ಕರ್ತನ ಸನ್ನಿಧಿ ಸೇರಿ ನಾಲ್ಕು ದಿನವಾಗಿತ್ತು. ನಾನು ಬೀಗ ತೆಗೆದು ತಂತಿ ಒಡೆದೆ. ಕೊನೆಯ ಸಾಲು ಇಷ್ಟೇ: ಮಗುವಿಗೆ ಮೊದಲೇ ಹೇಳಿಡಿ.

ಮೂರನೆಯ ದಿನ ದೊಡ್ಡಮ್ಮ ಬಂದಾಗ ಪಿಟೀಲು ಅವರ ಕೈಯನ್ನು ತಳ್ಳಿದಳು. "ನಿಮಗೆ ಗೊತ್ತಿತ್ತು. ಅದಕ್ಕೇ ಹೋದ್ರಿ." ನಾನು ನಿಜ ಹೇಳಲು ಬಾಯಿ ತೆರೆದೆ. ಅವರು ನನ್ನ ಮೊಣಕೈ ಹಿಡಿದು ಒತ್ತಿದರು. ಆಮೇಲೆ ತಾಯಿಯ ಕಡೆ ತಿರುಗಿ "ತಪ್ಪಾಯ್ತಮ್ಮ" ಎಂದರು.

ಕೋಣೆಯಲ್ಲಿ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ಗದರಿದರು. "ಸಾಕು ಮಾಡು. ಆ ಮಗು ಸಿಟ್ಟನ್ನ ಯಾರ ಮೇಲಾದ್ರೂ ಹಾಕ್ಲೇಬೇಕು. ಒಬ್ಬಳೇ ಬಂದಿದ್ದಕ್ಕೆ ಅಮ್ಮನ ಮೇಲೆ ಹಾಕಿದ್ರೆ ಅವಳಿಗೆ ಇನ್ಯಾರಿದಾರೆ? ನನ್ನ ಮೇಲೆ ಹಾಕ್ಲಿ. ನನಗೇನು, ತಡ್ಕೋತೀನಿ. ನೀನು ಬಾಯಿ ಬಿಟ್ರೆ ನೋಡು!"

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಹಾಸ್ಟೆಲಿನ ಸಮಿತಿ ಅವರಿಗೆ ಛೀಮಾರಿ ಹಾಕಿ ದಾಖಲೆ ಪುಸ್ತಕದಲ್ಲಿ ಬರೆಯಿತು. ನನ್ನ ಕೆಲಸ ಉಳಿಯಿತು. ಅವರೆಂದಂತೆಯೇ ಪಿಟೀಲು ಅಮ್ಮನನ್ನು ಬಿಗಿದಪ್ಪಿ ಹಿಡಿದಳು. ತಾಯಿ ಅವಳನ್ನು ಜೊತೆಗೇ ಕರೆದುಕೊಂಡು ಹೋದಳು. ಆ ಮಂಚದ ಪಕ್ಕದ ಫೋಟೊವನ್ನು ದೊಡ್ಡಮ್ಮ ಕಿತ್ತು ತಮ್ಮ ಬೈಬಲಿನಲ್ಲಿಟ್ಟುಕೊಂಡರು. ಆಮೇಲೂ ಹಾಸ್ಟೆಲು ನಡೆಯಿತು, ಮಕ್ಕಳು ಬಂದರು, ಹೋದರು. ಹೋದವರೆಲ್ಲ ಕಾಗದ ಬರೆದರು. ಪಿಟೀಲಿನಿಂದ ಒಂದು ಸಾಲೂ ಬರಲಿಲ್ಲ. ಹೊರದೇಶದ ಅಂಚೆ ಬಂದ ದಿನ ದೊಡ್ಡಮ್ಮ ಕಂತೆಯನ್ನು ಎರಡು ಸಲ ಮಗುಚಿ ನೋಡುವುದನ್ನು ಇಷ್ಟು ವರ್ಷವೂ ನೋಡಿದ್ದೇನೆ. ನೋಡಿಯೂ ಸುಮ್ಮನಿದ್ದೆ. ಮುಖ್ಯೋಪಾಧ್ಯಾಯಿನಿಯಾದ ಮೇಲೂ ಸುಮ್ಮನಿದ್ದೆ. ನಾಚಿಕೆಗೇಡು.

ಪಿಟೀಲು ಈಗ ತನ್ನ ತಾಯಿ ದುಡಿದ ಆಸ್ಪತ್ರೆಯಲ್ಲೇ ದಾದಿ, ನಮ್ಮ ಸಭೆಯೇ ಕಳಿಸಿದ ಮಿಷನರಿ. ಈ ಗ್ರಂಥಕ್ಕೆ ಲೇಖನ ಕೇಳಿದಾಗ ಬಂದ ಉತ್ತರ: "ಅವರ ಬಗ್ಗೆ ಬರೆಯಲು ನನ್ನಲ್ಲಿ ಒಳ್ಳೆಯ ಮಾತಿಲ್ಲ. ಕ್ಷಮಿಸಿ." ಅದನ್ನು ಓದಿದ ದಿನ ಇದನ್ನು ಬರೆಯಲು ಕುಳಿತೆ. ಅಭಿನಂದನ ಗ್ರಂಥದಲ್ಲಿ ಇದೆಲ್ಲ ಏಕೆಂದು ಸಂಪಾದಕರು ಕೇಳಿದರು. ಇದಲ್ಲದೆ ಮತ್ತೇನನ್ನು ಅಭಿನಂದಿಸೋಣ ಸ್ವಾಮಿ? ಕೈಬರಹದ ಒಂದು ಪ್ರತಿಯನ್ನು ಪಿಟೀಲಿಗೆ ಅಂಚೆಯಲ್ಲಿ ಕಳಿಸಿ ಐದು ವಾರವಾಯಿತು. ಉತ್ತರ ಬಂದಿಲ್ಲ. ಊರಿನ ರಜೆಗೆ ಬರುವವರ ಪಟ್ಟಿಯಲ್ಲಿ ಮಾತ್ರ ಅವಳ ಹೆಸರಿದೆ. ಬಂದಿಳಿಯುವುದು ದೊಡ್ಡಮ್ಮನವರ ಬೀಳ್ಕೊಡುಗೆ ಸಮಾರಂಭದ ದಿನ ಬೆಳಿಗ್ಗೆ. ನಮ್ಮ ಗೇಟಿಗೆ ಬರುತ್ತಾಳೋ ಇಲ್ಲವೋ ಆ ದೇವರೇ ಬಲ್ಲ.

ದೊಡ್ಡಮ್ಮನವರಿಗೆ ಕರ್ತನು ಆಯುರಾರೋಗ್ಯ ಕೊಡಲಿ, ನಿವೃತ್ತಿಯ ನಂತರವೂ ಹಾಸ್ಟೆಲಿನ ಮಕ್ಕಳಿಗೆ ಅವರ ಗದರಿಕೆ ತಪ್ಪದಿರಲಿ. ಸಮಾರಂಭಕ್ಕೆ ಹಳೆಯ ಮಕ್ಕಳೆಲ್ಲ ತಂದೆತಾಯಿಯರೊಡನೆ ಬರುತ್ತಾರೆಂದು ತಿಳಿದು ಅವರು ಮೊನ್ನೆಯೇ ಮೂರು ದಿನದ ರಜೆಯ ಅರ್ಜಿಯನ್ನು ನನ್ನ ಮೇಜಿನ ಮೇಲೆ, ಶಾಯಿ ಕುಡಿಕೆಯ ಕೆಳಗಿಟ್ಟು ಹೋಗಿದ್ದಾರೆ. ಈ ಸಲ ತಕ್ಷಣ ತೆಗೆದು ಓದಿದೆ. ನಾಮಂಜೂರು ಎಂದು ಬರೆದು ಸಹಿ ಹಾಕಿದ್ದೇನೆ. ಅಂದು ಬೆಳಿಗ್ಗೆ ಗೇಟಿನಲ್ಲಿ ನೀವೇ ನಿಂತಿರಬೇಕು, ದೊಡ್ಡಮ್ಮ.